ಡಿಎನ್‌ಎ ಸಾಕ್ಷ್ಯ: ಹೊಂದಿಕೆ ಹೇಳುವುದೆಷ್ಟು, ಹೇಳದಿರುವುದೆಷ್ಟು?

ಅಪರಾಧದ ಸುದ್ದಿಯಲ್ಲಿ ‘ಡಿಎನ್‌ಎ ಹೊಂದಿಕೆಯಾಗಿದೆ’ ಎಂಬ ಒಂದು ಸಾಲು ಬಂದರೆ ಸಾಕು, ಓದುವವರ ಮನಸ್ಸಿನಲ್ಲಿ ವಿಚಾರಣೆ ಅಲ್ಲಿಗೇ ಮುಗಿದುಹೋಗುತ್ತದೆ. ಸಾಕ್ಷಿಗಳು ಕಟಕಟೆಯಲ್ಲಿ ಮಾತು ಬದಲಿಸಬಹುದು, ತಪ್ಪೊಪ್ಪಿಗೆಯನ್ನು ಹೊಡೆದು ಬರೆಸಿಕೊಂಡಿರಬಹುದು, ಆದರೆ ರಕ್ತದ ಕಲೆ ಸುಳ್ಳು ಹೇಳದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಈ ನಂಬಿಕೆ ಆಧಾರವಿಲ್ಲದ್ದೇನಲ್ಲ. ಕಳೆದ ನಾಲ್ಕು ದಶಕಗಳಲ್ಲಿ ತನಿಖೆಯ ಕೈಗೆ ಇಷ್ಟು ಬಲವಾದ ಇನ್ನೊಂದು ಸಾಧನ ಸಿಕ್ಕಿಲ್ಲ. ಆದರೆ ಪ್ರಯೋಗಾಲಯ ಹೇಳುವುದು ಇಷ್ಟೇ: ಈ ಎರಡು ಮಾದರಿಗಳು ಇಂತಿಂಥ ಜಾಗಗಳಲ್ಲಿ ಒಂದನ್ನೊಂದು ಹೋಲುತ್ತವೆ. ಮಾದರಿ ಅಲ್ಲಿಗೆ ಬಂದದ್ದು ಹೇಗೆ, ಬಂದದ್ದು ಯಾವಾಗ, ಪ್ರಯೋಗಾಲಯ ತಲುಪುವ ಮುನ್ನ ಅದು ಯಾರ ಯಾರ ಕೈ ದಾಟಿತು, ಹೋಲಿಕೆ ಆಕಸ್ಮಿಕವಾಗಿರುವ ಸಂಭವ ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಸಂಖ್ಯಾಶಾಸ್ತ್ರ, ಪೊಲೀಸ್ ಕೆಲಸ ಮತ್ತು ಕಾನೂನು ಕೊಡಬೇಕು. ತಳಿವಿಜ್ಞಾನದ ಒಂದೂವರೆ ಶತಮಾನದ ಇತಿಹಾಸವನ್ನು ಈ ಕಣ್ಣಿನಿಂದ ನೋಡಿದರೆ, ವಿಜ್ಞಾನ ಎಷ್ಟು ದೂರ ಬಂದಿದೆ, ನಮ್ಮ ವ್ಯವಸ್ಥೆ ಎಲ್ಲಿ ನಿಂತಿದೆ ಎಂಬುದು ಸ್ಪಷ್ಟವಾಗುತ್ತದೆ.

ಎಣಿಕೆಯಿಂದ ಹುಟ್ಟಿದ ಶಾಸ್ತ್ರ

ಗ್ರೆಗೋರ್ ಮೆಂಡಲ್ ಇಂದಿನ ಚೆಕ್ ದೇಶದ ಬ್ರನೋ ನಗರದ ಮಠದಲ್ಲಿದ್ದ ಕ್ರೈಸ್ತ ಸನ್ಯಾಸಿ. 1856ರಿಂದ 1863ರವರೆಗೆ ಆತ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ, ತಳಿ ಕೂಡಿಸಿ, ಕಾಳುಗಳನ್ನು ಎಣಿಸಿದ. ಒಂದು ಪ್ರಯೋಗದ ಎರಡನೆಯ ಪೀಳಿಗೆಯಲ್ಲಿ 5,474 ಗುಂಡು ಕಾಳುಗಳೂ 1,850 ಸುಕ್ಕು ಕಾಳುಗಳೂ ಸಿಕ್ಕವು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಇದೇ ಪ್ರಮಾಣ ಬೇರೆ ಬೇರೆ ಗುಣಗಳಲ್ಲಿಯೂ ಮತ್ತೆ ಮತ್ತೆ ಕಂಡಿತು. ತಂದೆತಾಯಿಯ ಗುಣಗಳು ಮಕ್ಕಳಲ್ಲಿ ಬೆರೆತು ಕರಗುವುದಿಲ್ಲ, ಬಿಡಿ ಬಿಡಿ ಘಟಕಗಳಾಗಿ ಮುಂದಕ್ಕೆ ಸಾಗುತ್ತವೆ ಎಂದು ಮೆಂಡಲ್ ತೋರಿಸಿದ್ದು ಈ ಲೆಕ್ಕದ ಬಲದಿಂದಲೇ. 1866ರಲ್ಲಿ ಅಚ್ಚಾದ ಆ ಪ್ರಬಂಧವನ್ನು ಸಮಕಾಲೀನರು ಗಮನಿಸಲಿಲ್ಲ. 1900ರಲ್ಲಿ ಹ್ಯೂಗೋ ಡಿ ವ್ರೀಸ್, ಕಾರ್ಲ್ ಕೋರೆನ್ಸ್, ಎರಿಕ್ ಚೆರ್ಮಾಕ್ ಅದನ್ನು ಮತ್ತೆ ಬೆಳಕಿಗೆ ತಂದಾಗ ಮೆಂಡಲ್ ತೀರಿಕೊಂಡು 16 ವರ್ಷಗಳಾಗಿದ್ದವು.

ಆ ಘಟಕ ಯಾವ ವಸ್ತುವಿನಿಂದ ಆಗಿದೆ ಎಂಬುದು ಬೇರೆಯೇ ದಾರಿಯಲ್ಲಿ ಬಯಲಾಯಿತು. 1869ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಫ್ರೀಡ್ರಿಕ್ ಮೀಷರ್ ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಿಂದ ಜೀವಕೋಶದ ಕೇಂದ್ರದಲ್ಲಿದ್ದ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದ. ನಾವು ಇಂದು ಡಿಎನ್‌ಎ ಎನ್ನುವುದು ಅದನ್ನೇ. ಅಮೆರಿಕದ ಥಾಮಸ್ ಹಂಟ್ ಮಾರ್ಗನ್ 1910ರ ಹೊತ್ತಿಗೆ ಹಣ್ಣುನೊಣಗಳ ಮೂಲಕ ವಂಶವಾಹಿಗಳು ವರ್ಣತಂತುಗಳ ಮೇಲಿವೆ ಎಂದು ತೋರಿಸಿದ. 1944ರಲ್ಲಿ ಆಸ್ವಾಲ್ಡ್ ಏವರಿ ಮತ್ತು ಸಂಗಡಿಗರು ಆನುವಂಶಿಕ ಮಾಹಿತಿಯನ್ನು ಹೊರುವುದು ಡಿಎನ್‌ಎ ಎಂಬುದನ್ನು ಬ್ಯಾಕ್ಟೀರಿಯಾಗಳಲ್ಲಿ ಸಾಬೀತುಪಡಿಸಿದರು. 1953ರಲ್ಲಿ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಅದರ ಜೋಡಿ ಸುರುಳಿಯ ರಚನೆಯನ್ನು ಬಿಡಿಸಿದರು. ಅದಕ್ಕೆ ನಿರ್ಣಾಯಕವಾಗಿ ಒದಗಿದ್ದು ರೋಸಲಿಂಡ್ ಫ್ರ್ಯಾಂಕ್ಲಿನ್ ಅವರ ಪ್ರಯೋಗಾಲಯದ ಎಕ್ಸ್-ರೇ ಚಿತ್ರ. 1962ರಲ್ಲಿ ನೊಬೆಲ್ ಪ್ರಶಸ್ತಿ ಬರುವ ವೇಳೆಗೆ ಆಕೆ ಬದುಕಿರಲಿಲ್ಲ. ಆ ಲಿಪಿಯ ಅಕ್ಷರಗಳು ಪ್ರೊಟೀನಾಗಿ ಹೇಗೆ ಅನುವಾದಗೊಳ್ಳುತ್ತವೆ ಎಂಬುದನ್ನು ಬಿಡಿಸಿದವರಲ್ಲಿ ಪಂಜಾಬಿನಲ್ಲಿ ಹುಟ್ಟಿದ ಹರಗೋಬಿಂದ್ ಖುರಾನಾ ಒಬ್ಬರು. ಅವರಿಗೆ 1968ರ ನೊಬೆಲ್ ಸಂದಿತು.

ಈ ಚರಿತ್ರೆಗೆ ಒಂದು ಕರಾಳ ಅಧ್ಯಾಯವೂ ಇದೆ. ಮೆಂಡಲನ ನಿಯಮಗಳನ್ನು ಬಡತನ, ಬುದ್ಧಿಶಕ್ತಿ, ಅಪರಾಧಗಳಿಗೆ ಕುರುಡಾಗಿ ಅನ್ವಯಿಸಿದ ‘ಸುಸಂತಾನ’ ವಾದಿಗಳು ಜನರನ್ನು ಬಲವಂತವಾಗಿ ಸಂತಾನಹೀನರನ್ನಾಗಿಸುವ ಕಾನೂನುಗಳನ್ನು ತಂದರು. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅಂಥದ್ದೊಂದು ಕಾನೂನನ್ನು ಎತ್ತಿಹಿಡಿಯಿತು. ನಾಜಿ ಜರ್ಮನಿ ಅದನ್ನು ಸರ್ಕಾರದ ನೀತಿಯನ್ನಾಗಿ ಮಾಡಿಕೊಂಡಿತು. ವಂಶವಾಹಿಯ ಹೆಸರಿನಲ್ಲಿ ಸರ್ಕಾರವೊಂದು ಮನುಷ್ಯರನ್ನು ವಿಂಗಡಿಸಲು ಹೊರಟಾಗಲೆಲ್ಲ ಈ ಪುಟಗಳನ್ನು ತೆರೆದು ಓದಬೇಕು.

ಹೊರಗಿಡಬಲ್ಲ ಪರೀಕ್ಷೆಯಿಂದ ಗುರುತಿಸಬಲ್ಲ ಪರೀಕ್ಷೆಗೆ

ಡಿಎನ್‌ಎಗೆ ಮುನ್ನ ನ್ಯಾಯಾಲಯಕ್ಕೆ ಗೊತ್ತಿದ್ದ ಆನುವಂಶಿಕ ಗುರುತೆಂದರೆ ರಕ್ತದ ಗುಂಪು. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಅದನ್ನು ವಿವರಿಸಿದ. ರಕ್ತದ ಗುಂಪಿನಿಂದ ‘ಈತ ತಂದೆಯಲ್ಲ’ ಎನ್ನಬಹುದಿತ್ತು, ‘ಈತನೇ ತಂದೆ’ ಎನ್ನುವಂತಿರಲಿಲ್ಲ. ಒಂದೇ ಗುಂಪಿನವರು ಲಕ್ಷಾಂತರ ಮಂದಿ ಇರುತ್ತಾರೆ. ಪರೀಕ್ಷೆ ಸ್ಪಷ್ಟವಾಗಿ ‘ಅಲ್ಲ’ ಎಂದಾಗಲೂ ನ್ಯಾಯಾಲಯ ಕೇಳಲೇಬೇಕೆಂದಿರಲಿಲ್ಲ. 1940ರ ದಶಕದಲ್ಲಿ ಚಾರ್ಲಿ ಚಾಪ್ಲಿನ್ ವಿರುದ್ಧ ಕ್ಯಾಲಿಫೋರ್ನಿಯಾದಲ್ಲಿ ನಡೆದ ಪಿತೃತ್ವದ ಮೊಕದ್ದಮೆಯಲ್ಲಿ ಆತ ಮಗುವಿನ ತಂದೆಯಾಗಿರಲು ಸಾಧ್ಯವಿಲ್ಲವೆಂದು ರಕ್ತಪರೀಕ್ಷೆ ತೋರಿಸಿತು. ಆದರೂ ಜ್ಯೂರಿ ಆತನೇ ತಂದೆ ಎಂದು ತೀರ್ಮಾನಿಸಿತು.

ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ 1984ರ ಸೆಪ್ಟೆಂಬರ್ 10ರ ಬೆಳಿಗ್ಗೆ ಈ ಸ್ಥಿತಿ ಬದಲಾಯಿತು. ಅಲೆಕ್ ಜೆಫ್ರೀಸ್ ತಮ್ಮ ಪ್ರಯೋಗದ ಎಕ್ಸ್-ರೇ ಫಿಲ್ಮನ್ನು ಹೊರತೆಗೆದು ನೋಡಿದಾಗ, ಡಿಎನ್‌ಎಯಲ್ಲಿ ಒಂದೇ ಸಾಲು ಮರುಕಳಿಸುವ ತಾಣಗಳು ಪಟ್ಟೆಪಟ್ಟೆಯಾಗಿ ಮೂಡಿದ್ದವು. ಪ್ರತಿ ವ್ಯಕ್ತಿಯ ಪಟ್ಟೆಗಳ ವಿನ್ಯಾಸವೂ ಬೇರೆಯಾಗಿತ್ತು. ಮಗುವಿನ ಪ್ರತಿ ಪಟ್ಟೆಯೂ ತಾಯಿಯಿಂದಲೋ ತಂದೆಯಿಂದಲೋ ಬಂದಿತ್ತು. ಈ ವಿಧಾನಕ್ಕೆ ‘ಡಿಎನ್‌ಎ ಬೆರಳಚ್ಚು’ ಎಂಬ ಹೆಸರು ಬಂತು. ಮರುವರ್ಷವೇ ಅದರ ಮೊದಲ ಬಳಕೆ ಒಂದು ವಲಸೆ ವಿವಾದದಲ್ಲಿ ಆಯಿತು. ಘಾನಾ ಮೂಲದ ಕುಟುಂಬವೊಂದರ ಹುಡುಗ ಆ ತಾಯಿಯ ಮಗನೇ ಅಲ್ಲವೆಂದು ಬ್ರಿಟಿಷ್ ಅಧಿಕಾರಿಗಳು ಪಟ್ಟು ಹಿಡಿದಿದ್ದರು. ಅವನು ಆಕೆಯ ಮಗನೇ ಎಂದು ಪರೀಕ್ಷೆ ತೋರಿಸಿತು, ಹುಡುಗ ಮನೆ ಸೇರಿದ.

ಆಮೇಲೆ ಬಂದದ್ದು ಲೆಸ್ಟರ್ ಸೀಮೆಯ ಎರಡು ಕೊಲೆಗಳ ಪ್ರಕರಣ. 1983ರಲ್ಲಿ ಒಬ್ಬಳು, 1986ರಲ್ಲಿ ಇನ್ನೊಬ್ಬಳು, ಇಬ್ಬರೂ 15 ವರ್ಷದ ಹುಡುಗಿಯರು, ಅತ್ಯಾಚಾರಕ್ಕೊಳಗಾಗಿ ಕೊಲೆಯಾಗಿದ್ದರು. 17 ವರ್ಷದ ಹುಡುಗನೊಬ್ಬ ಎರಡನೆಯ ಕೊಲೆಯನ್ನು ಒಪ್ಪಿಕೊಂಡಿದ್ದ. ಮೊದಲನೆಯದೂ ಅವನದೇ ಎಂದು ಖಚಿತಪಡಿಸಿಕೊಳ್ಳಲು ಪೊಲೀಸರು ಜೆಫ್ರೀಸ್ ಬಳಿ ಹೋದರು. ಎರಡೂ ಕೃತ್ಯ ಒಬ್ಬನದೇ, ಆದರೆ ಆ ಒಬ್ಬ ಈ ಹುಡುಗನಲ್ಲ ಎಂದಿತು ಪರೀಕ್ಷೆ. ಸುಮಾರು 5,000 ಗಂಡಸರ ಮಾದರಿಗಳನ್ನು ಸಂಗ್ರಹಿಸಿದರೂ ಹೊಂದಿಕೆ ಸಿಗಲಿಲ್ಲ. ಬೇಕರಿ ಕೆಲಸಗಾರ ಕಾಲಿನ್ ಪಿಚ್‌ಫೋರ್ಕ್ ತನ್ನ ಬದಲು ಸಹೋದ್ಯೋಗಿಯೊಬ್ಬನನ್ನು ರಕ್ತ ಕೊಡಲು ಕಳುಹಿಸಿದ್ದ. ಆ ಸಹೋದ್ಯೋಗಿ ಪಬ್‌ನಲ್ಲಿ ಆಡಿದ ಮಾತು ಪೊಲೀಸರ ಕಿವಿಗೆ ಬಿತ್ತು. 1988ರ ಜನವರಿಯಲ್ಲಿ ಪಿಚ್‌ಫೋರ್ಕ್‌ಗೆ ಜೀವಾವಧಿ ಶಿಕ್ಷೆಯಾಯಿತು. ಅಪರಾಧ ತನಿಖೆಯಲ್ಲಿ ಡಿಎನ್‌ಎ ಮಾಡಿದ ಮೊಟ್ಟಮೊದಲ ಕೆಲಸವೆಂದರೆ ತಪ್ಪೊಪ್ಪಿಕೊಂಡಿದ್ದ ನಿರಪರಾಧಿಯನ್ನು ಬಿಡಿಸಿದ್ದು ಎಂಬುದು ನಮ್ಮ ಪೊಲೀಸ್ ತರಬೇತಿಯ ಮೊದಲ ಪಾಠವಾಗಬೇಕು.

ತಂತ್ರ ಸೂಕ್ಷ್ಮವಾದಂತೆ ಸಂಶಯವೂ ಸೂಕ್ಷ್ಮವಾಯಿತು

ಜೆಫ್ರೀಸ್ ವಿಧಾನಕ್ಕೆ ಸಾಕಷ್ಟು ರಕ್ತ ಬೇಕಿತ್ತು, ಹಳೆಯ, ಕೊಳೆತ ಮಾದರಿಗಳಲ್ಲಿ ಅದು ಸೋಲುತ್ತಿತ್ತು. ಅಮೆರಿಕದ ಕ್ಯಾರಿ ಮುಲ್ಲಿಸ್ 1983ರಲ್ಲಿ ಕಂಡುಕೊಂಡ ಪಿಸಿಆರ್ ತಂತ್ರ ಈ ತೊಡಕನ್ನು ನೀಗಿಸಿತು. ಡಿಎನ್‌ಎಯ ಒಂದು ತುಣುಕನ್ನು ಪ್ರತಿ ಸುತ್ತಿನಲ್ಲೂ ಇಮ್ಮಡಿಗೊಳಿಸುತ್ತಾ ಹೋದರೆ ಕೆಲವೇ ಗಂಟೆಗಳಲ್ಲಿ ಕೋಟ್ಯಂತರ ಪ್ರತಿಗಳು ಸಿಗುತ್ತವೆ. ಕೋವಿಡ್ ಕಾಲದಲ್ಲಿ ಮನೆಮಾತಾದ ಆರ್‌ಟಿ-ಪಿಸಿಆರ್ ಪರೀಕ್ಷೆಯ ಬುನಾದಿಯೂ ಇದೇ.

1990ರ ದಶಕದಲ್ಲಿ ಪ್ರಯೋಗಾಲಯಗಳು ಎಸ್‌ಟಿಆರ್ ಎಂಬ ಕಿರು ಮರುಕಳಿಕೆಗಳತ್ತ ತಿರುಗಿದವು. ವರ್ಣತಂತುವಿನ ನಿರ್ದಿಷ್ಟ ತಾಣದಲ್ಲಿ ‘ಜಿಎಟಿಎ’ಯಂಥ ನಾಲ್ಕಕ್ಷರದ ತುಣುಕು ಒಬ್ಬರಲ್ಲಿ 8 ಬಾರಿ, ಇನ್ನೊಬ್ಬರಲ್ಲಿ 11 ಬಾರಿ ಮರುಕಳಿಸಿರುತ್ತದೆ. ಪ್ರತಿ ತಾಣಕ್ಕೆ ತಾಯಿಯದೊಂದು, ತಂದೆಯದೊಂದು ಎಂದು ಎರಡು ಸಂಖ್ಯೆ. ಒಂದೇ ತಾಣ ನೋಡಿದರೆ ಅನೇಕರು ಹೊಂದುತ್ತಾರೆ, ತಾಣಗಳನ್ನು ಹೆಚ್ಚಿಸಿದಷ್ಟೂ ಆಕಸ್ಮಿಕ ಹೊಂದಿಕೆಯ ಸಂಭವ ಕುಸಿಯುತ್ತದೆ. ಅಮೆರಿಕದ ರಾಷ್ಟ್ರೀಯ ದತ್ತಾಂಶ ವ್ಯವಸ್ಥೆ 1998ರಲ್ಲಿ 13 ತಾಣಗಳಿಂದ ಆರಂಭವಾಗಿ 2017ರಲ್ಲಿ 20ಕ್ಕೆ ಏರಿತು. ಬ್ರಿಟನ್ 1995ರಲ್ಲೇ ತನ್ನ ರಾಷ್ಟ್ರೀಯ ಡಿಎನ್‌ಎ ಕೋಶವನ್ನು ತೆರೆದಿತ್ತು. ಅವಳಿಗಳಲ್ಲಿ ಒಂದೇ ಅಂಡದಿಂದ ಹುಟ್ಟಿದವರನ್ನು ಬಿಟ್ಟರೆ, ಪೂರ್ಣ ವಿವರವುಳ್ಳ ಶುದ್ಧ ಮಾದರಿಯೊಂದು ಇಬ್ಬರಿಗೆ ಹೊಂದುವ ಸಂಭವ ಇಂದು ನಗಣ್ಯ.

ತೊಂದರೆಯೆಂದರೆ, ಅಪರಾಧ ನಡೆದ ಜಾಗದಲ್ಲಿ ಸಿಗುವ ಮಾದರಿ ಯಾವಾಗಲೂ ಪೂರ್ಣವೂ ಶುದ್ಧವೂ ಆಗಿರುವುದಿಲ್ಲ. ಅರ್ಧಂಬರ್ಧ ಮಾದರಿಯೊಂದು ಹತ್ತು ಲಕ್ಷದಲ್ಲಿ ಒಬ್ಬರಿಗೆ ಹೊಂದುತ್ತದೆ ಎಂದಿಟ್ಟುಕೊಳ್ಳೋಣ. ‘ಹಾಗಾದರೆ ಆರೋಪಿ ನಿರಪರಾಧಿಯಾಗಿರುವ ಸಾಧ್ಯತೆ ಹತ್ತು ಲಕ್ಷದಲ್ಲಿ ಒಂದು’ ಎಂದು ಪ್ರಾಸಿಕ್ಯೂಷನ್ ವಾದಿಸಿದರೆ ಅದು ದೊಡ್ಡ ತಪ್ಪು. ಒಂದು ಕೋಟಿ ಮೀರಿದ ಬೆಂಗಳೂರಿನಲ್ಲಿ ಆ ಮಾದರಿ ಹತ್ತಾರು ಜನರಿಗೆ ಹೊಂದಬಹುದು. ಬೇರೆ ಯಾವ ಸಾಕ್ಷ್ಯವೂ ಇಲ್ಲದಿದ್ದರೆ ಆರೋಪಿ ಆ ಹತ್ತಾರು ಜನರಲ್ಲಿ ಒಬ್ಬ ಮಾತ್ರ. ದಕ್ಷಿಣ ಭಾರತದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ನಮ್ಮಲ್ಲಿ ಜಾತಿಯೊಳಗೇ ಮದುವೆ, ಅದರಲ್ಲೂ ಅಕ್ಕನ ಮಗಳು, ಸೋದರಮಾವ, ಸೋದರತ್ತೆಯ ಮಕ್ಕಳ ನಡುವಿನ ಸಂಬಂಧ ತಲೆತಲಾಂತರದಿಂದ ನಡೆದುಬಂದಿದೆ. ಹೀಗಿರುವಲ್ಲಿ ಹತ್ತಿರದ ಬಂಧುಗಳು, ಒಂದೇ ಸಮುದಾಯದವರು ಹಂಚಿಕೊಳ್ಳುವ ವಂಶವಾಹಿಗಳು ಹೆಚ್ಚು. ಬೇರೆ ದೇಶದ ಜನಸಮುದಾಯದ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ಹಾಕಿ ಗುಣಿಸಿದರೆ ಹೊಂದಿಕೆಯ ಬಲ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಈ ವಿಜ್ಞಾನವನ್ನು ನ್ಯಾಯಾಲಯ ಮೊದಲ ಬಾರಿ ಗಂಭೀರವಾಗಿ ಒರೆಗೆ ಹಚ್ಚಿದ್ದು 1989ರ ನ್ಯೂಯಾರ್ಕಿನ ಕೊಲೆ ಪ್ರಕರಣವೊಂದರಲ್ಲಿ. ಆರೋಪಿಯ ಕೈಗಡಿಯಾರದ ಮೇಲಿನ ರಕ್ತವನ್ನು ಪರೀಕ್ಷಿಸಿದ ಪ್ರಯೋಗಾಲಯ ತನ್ನದೇ ನಿಯಮಗಳನ್ನು ಪಾಲಿಸಿರಲಿಲ್ಲ. ಎರಡೂ ಪಕ್ಷಗಳ ಪರಿಣತರು ಒಟ್ಟಿಗೆ ಕುಳಿತು, ಈ ದತ್ತಾಂಶ ನಂಬಲರ್ಹವಲ್ಲ ಎಂದು ಜಂಟಿಯಾಗಿ ಹೇಳಿದರು. ಇಂಥ ಪಾಟಿಸವಾಲುಗಳಿಂದಲೇ ಪ್ರಯೋಗಾಲಯಗಳಿಗೆ ಮಾನದಂಡಗಳು ಬಂದವು. ಪ್ರತಿವಾದಿ ವಕೀಲರ ಪ್ರಶ್ನೆ ವಿಜ್ಞಾನಕ್ಕೆ ಅಡ್ಡಿಯಾಗಲಿಲ್ಲ, ಅದನ್ನು ಗಟ್ಟಿಗೊಳಿಸಿತು.

ಇಂದು ಮುಟ್ಟಿದ ವಸ್ತುವಿನ ಮೇಲೆ ಉಳಿದ ಬೆರಳೆಣಿಕೆಯ ಜೀವಕೋಶಗಳಿಂದಲೂ ಡಿಎನ್‌ಎ ತೆಗೆಯಬಹುದು. ಹಾಗಾಗಿಯೇ ಅಪಾಯ ಹೆಚ್ಚಿದೆ. ಕೈಕುಲುಕಿದವರ ಡಿಎನ್‌ಎ ನಮ್ಮ ಕೈಯಿಂದ ಮೂರನೆಯ ವಸ್ತುವಿಗೆ ದಾಟಬಲ್ಲದು. ಜರ್ಮನಿಯಲ್ಲಿ 2007ರಲ್ಲಿ ಪೊಲೀಸ್ ಮಹಿಳೆಯೊಬ್ಬಳ ಕೊಲೆಯಾದಾಗ ಸಿಕ್ಕ ಹೆಣ್ಣಿನ ಡಿಎನ್‌ಎ, ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಸುಮಾರು 40 ಕೃತ್ಯಗಳ ಜಾಗಗಳಲ್ಲಿಯೂ ಸಿಕ್ಕಿತು. ಆ ‘ಸರಣಿ ಹಂತಕಿ’ಗಾಗಿ ದೊಡ್ಡ ಶೋಧವೇ ನಡೆಯಿತು. 2009ರಲ್ಲಿ ತಿಳಿದದ್ದು: ಅದು ಮಾದರಿ ಒರೆಸುವ ಹತ್ತಿಯ ಕಡ್ಡಿಗಳನ್ನು ತುಂಬುತ್ತಿದ್ದ ಕಾರ್ಖಾನೆಯ ಕೆಲಸಗಾರ್ತಿಯ ಡಿಎನ್‌ಎ. ಕಡ್ಡಿಗಳು ಸೂಕ್ಷ್ಮಾಣುಮುಕ್ತವಾಗಿದ್ದವು, ಡಿಎನ್‌ಎಮುಕ್ತವಾಗಿರಲಿಲ್ಲ. ಪ್ರತಿ ಪ್ರಯೋಗಾಲಯದ ಹೊಂದಿಕೆಯೂ ಸರಿಯಾಗಿತ್ತು, ಅದರಿಂದ ತೆಗೆದ ತೀರ್ಮಾನ ಪೂರ್ತಿ ತಪ್ಪಾಗಿತ್ತು.

ಕಳೆದುಹೋದವರನ್ನು ಮರಳಿಸಿದ ವಿಜ್ಞಾನ

ಡಿಎನ್‌ಎಯ ಅತ್ಯಂತ ಘನವಾದ ಸಾಧನೆಗಳು ಶಿಕ್ಷೆ ಕೊಡಿಸಿದ್ದರಲ್ಲಿ ಮಾತ್ರ ಇಲ್ಲ. ಅರ್ಜೆಂಟೀನಾದಲ್ಲಿ 1976ರಿಂದ 1983ರವರೆಗಿನ ಸೇನಾಡಳಿತ ಸಾವಿರಾರು ಜನರನ್ನು ಕಾಣೆಯಾಗಿಸಿತು. ಸೆರೆಯಲ್ಲಿ ಹೆತ್ತ ತಾಯಂದಿರನ್ನು ಕೊಂದು, ಕೂಸುಗಳನ್ನು ಬೇರೆಯವರಿಗೆ ಕೊಟ್ಟಿತು. ‘ಪ್ಲಾಸಾ ದೆ ಮಾಯೊ’ದ ಅಜ್ಜಿಯರು ಆ ಮೊಮ್ಮಕ್ಕಳನ್ನು ಹುಡುಕಲು ವಿಜ್ಞಾನಿಗಳ ಮೊರೆ ಹೋದರು. ತಂದೆತಾಯಿ ಇಬ್ಬರೂ ಇಲ್ಲದಾಗ ಅಜ್ಜ ಅಜ್ಜಿಯರಿಂದ ಸಂಬಂಧವನ್ನು ಸ್ಥಾಪಿಸುವ ವಿಧಾನವನ್ನು ಅಮೆರಿಕದ ಮೇರಿ ಕ್ಲೇರ್ ಕಿಂಗ್ ಮತ್ತಿತರರು ರೂಪಿಸಿದರು. ತಾಯಿಯ ಕಡೆಯಿಂದಷ್ಟೇ ಇಳಿದುಬರುವ ಮೈಟೋಕಾಂಡ್ರಿಯಾದ ಡಿಎನ್‌ಎ ಇಲ್ಲಿ ಬಹಳ ನೆರವಾಯಿತು. ಇದಕ್ಕಾಗಿಯೇ 1987ರಲ್ಲಿ ಅರ್ಜೆಂಟೀನಾ ರಾಷ್ಟ್ರೀಯ ಆನುವಂಶಿಕ ದತ್ತಾಂಶ ಕೋಶವನ್ನು ಕಾನೂನಿನ ಮೂಲಕ ಸ್ಥಾಪಿಸಿತು. ಅಮೆರಿಕದಲ್ಲಿ ಬ್ಯಾರಿ ಶೆಕ್ ಮತ್ತು ಪೀಟರ್ ನ್ಯೂಫೆಲ್ಡ್ 1992ರಲ್ಲಿ ಕಟ್ಟಿದ ‘ಇನೊಸೆನ್ಸ್ ಪ್ರಾಜೆಕ್ಟ್’ ಹಳೆಯ ಮಾದರಿಗಳ ಮರುಪರೀಕ್ಷೆಗಾಗಿ ಹೋರಾಡಿತು. ಆ ದೇಶದಲ್ಲಿ ಇಂಥ ಪರೀಕ್ಷೆಗಳಿಂದ ನಿರಪರಾಧಿಗಳೆಂದು ಸಾಬೀತಾಗಿ ಬಿಡುಗಡೆಯಾದ ನೂರಾರು ಜನರಲ್ಲಿ ಮರಣದಂಡನೆಗೆ ಗುರಿಯಾಗಿದ್ದವರೂ ಇದ್ದಾರೆ. ಅವರಲ್ಲಿ ಬಹಳಷ್ಟು ಮಂದಿಗೆ ಶಿಕ್ಷೆಯಾಗಿದ್ದು ಪ್ರತ್ಯಕ್ಷದರ್ಶಿಗಳ ತಪ್ಪು ಗುರುತಿಸುವಿಕೆಯಿಂದ.

ಭಾರತದ ದಾರಿ

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಬೆಳೆಸಿದವರು ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಲಾಲ್‌ಜಿ ಸಿಂಗ್. ಹಾವುಗಳ ಲಿಂಗ ನಿರ್ಧಾರಕ ವರ್ಣತಂತುಗಳನ್ನು ಅಧ್ಯಯನ ಮಾಡುತ್ತಿದ್ದ ಅವರು, ಪಟ್ಟೆಯುಳ್ಳ ಕಟ್ಟುಹಾವಿನಲ್ಲಿ ಕಂಡ ಮರುಕಳಿಸುವ ಡಿಎನ್‌ಎ ಸಾಲನ್ನೇ ಬಳಸಿ 1980ರ ದಶಕದ ಕೊನೆಯಲ್ಲಿ ಸ್ವದೇಶಿ ಡಿಎನ್‌ಎ ಬೆರಳಚ್ಚು ವಿಧಾನವನ್ನು ರೂಪಿಸಿದರು. 1989ರಲ್ಲಿ ಕೇರಳದ ತಲಶ್ಶೇರಿಯ ನ್ಯಾಯಾಲಯದಲ್ಲಿ ಪಿತೃತ್ವದ ವ್ಯಾಜ್ಯವೊಂದರಲ್ಲಿ ಈ ಸಾಕ್ಷ್ಯ ಮೊದಲು ಮಂಡಿತವಾಯಿತು. ರಾಜೀವ್ ಗಾಂಧಿ ಹತ್ಯೆಯ ತನಿಖೆಯಲ್ಲೂ ಈ ವಿಧಾನ ಬಳಕೆಯಾಯಿತು. 1996ರಲ್ಲಿ ಹೈದರಾಬಾದಿನಲ್ಲಿ ಸಿಡಿಎಫ್‌ಡಿ ಎಂಬ ಪ್ರತ್ಯೇಕ ಕೇಂದ್ರವೇ ಆರಂಭವಾಯಿತು.

ಕನ್ನಡ ನಾಡಿಗೆ ಈ ವಿಜ್ಞಾನದ ಬೆಲೆಯನ್ನು ದುಃಖದೊಂದಿಗೆ ತಿಳಿಸಿದ್ದು 2010ರ ಮೇ 22ರ ಮಂಗಳೂರು ವಿಮಾನ ದುರಂತ. ದುಬೈಯಿಂದ ಬಂದ ವಿಮಾನ ಕಂದರಕ್ಕುರುಳಿ 158 ಜನ ಸತ್ತರು. ಗುರುತೇ ಸಿಗದಷ್ಟು ಸುಟ್ಟಿದ್ದ ದೇಹಗಳನ್ನು ಸಂಬಂಧಿಕರು ಒಡವೆ, ಬಟ್ಟೆ, ಮೈಕಟ್ಟು ನೋಡಿ ಗುರುತಿಸಿ ಕೊಂಡೊಯ್ದರು. ಉಳಿದ ದೇಹಗಳ ಡಿಎನ್‌ಎ ಪರೀಕ್ಷೆಯಾದಾಗ ಹಲವು ದೇಹಗಳು ಕಾಯುತ್ತಿದ್ದ ಯಾವ ಕುಟುಂಬಕ್ಕೂ ಹೊಂದಲಿಲ್ಲ. ಕಣ್ಣಳತೆಯ ಗುರುತಿಸುವಿಕೆಯಲ್ಲಿ ದೇಹಗಳು ಅದಲುಬದಲಾಗಿದ್ದವು. ಕೊನೆಗೆ 12 ದೇಹಗಳನ್ನು ಮಂಗಳೂರಿನ ಕೂಳೂರು–ತಣ್ಣೀರುಬಾವಿ ಬಳಿ ಒಟ್ಟಿಗೆ ಮಣ್ಣು ಮಾಡಲಾಯಿತು. ಪರೀಕ್ಷೆ ಮೊದಲು, ಹಸ್ತಾಂತರ ಆಮೇಲೆ ಎಂಬ ಕ್ರಮ ಅಲ್ಲಿ ಇದ್ದಿದ್ದರೆ ಆ ಕುಟುಂಬಗಳ ನೋವು ಸ್ವಲ್ಪವಾದರೂ ಕಡಿಮೆಯಾಗುತ್ತಿತ್ತು.

ಕಾನೂನಿನಲ್ಲಿ ಡಿಎನ್‌ಎ ನಿಧಾನವಾಗಿ ಜಾಗ ಪಡೆದಿದೆ. ಅತ್ಯಾಚಾರದ ಆರೋಪಿಯ ವೈದ್ಯಕೀಯ ಪರೀಕ್ಷೆಯಲ್ಲಿ ಡಿಎನ್‌ಎ ಮಾದರಿ ಸಂಗ್ರಹಕ್ಕೆ ಅವಕಾಶ ಕೊಡುವ 53-ಎ ಕಲಮನ್ನು 2005ರ ತಿದ್ದುಪಡಿ ಅಪರಾಧ ಪ್ರಕ್ರಿಯಾ ಸಂಹಿತೆಗೆ ಸೇರಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ಪರಿಣತರು ಸ್ಥಳಕ್ಕೆ ಹೋಗುವುದನ್ನು ಹಂತಹಂತವಾಗಿ ಕಡ್ಡಾಯಗೊಳಿಸುತ್ತದೆ. ಕರ್ನಾಟಕದಲ್ಲಿ ಅಪರಾಧ ಸ್ಥಳ ಪರಿಶೀಲನೆಗೆಂದೇ ‘ಸೋಕೊ’ ಅಧಿಕಾರಿಗಳ ನೇಮಕವಾಗಿದೆ. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದರೊಬ್ಬರಿಗೆ ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ವಿಧಿಸಿದಾಗ, ಘಟನೆ ನಡೆದು ವರ್ಷಗಳ ನಂತರ ವಶಪಡಿಸಿಕೊಂಡ ಸೀರೆಯ ಮೇಲಿನ ಡಿಎನ್‌ಎ ಮುಖ್ಯ ಸಾಕ್ಷ್ಯಗಳಲ್ಲಿ ಒಂದಾಗಿತ್ತು. ಬಲಾಢ್ಯನ ಎದುರು ನಿಂತ ಬಡ ಹೆಣ್ಣಿನ ಮಾತಿಗೆ ವಿಜ್ಞಾನ ಕೊಡಬಲ್ಲ ಬಲ ಎಂಥದ್ದೆಂದು ನಾಡು ಅಂದು ಕಂಡಿತು.

ಅದೇ ವಿಜ್ಞಾನ ಠಾಣೆಯ ಮುದ್ದೆಮಾಲು ಕೊಠಡಿಯಲ್ಲಿ ಸೋಲುವುದನ್ನೂ ಕಂಡಿದ್ದೇವೆ. ದೆಹಲಿಯ ಯುವತಿಯೊಬ್ಬಳ ಅತ್ಯಾಚಾರ, ಕೊಲೆ ಪ್ರಕರಣದಲ್ಲಿ ಕೆಳಗಿನ ನ್ಯಾಯಾಲಯಗಳಿಂದ ಮರಣದಂಡನೆ ಪಡೆದಿದ್ದ ಮೂವರನ್ನು ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಮಾದರಿಗಳು ಹತ್ತು ದಿನಕ್ಕೂ ಹೆಚ್ಚು ಕಾಲ ಠಾಣೆಯಲ್ಲೇ ಇದ್ದುದು, ಪರೀಕ್ಷೆಯ ವಿಧಾನ ಸರಿಯಾಗಿತ್ತೆಂದು ತೋರಿಸದಿದ್ದುದು ಇದಕ್ಕೆ ಮುಖ್ಯ ಕಾರಣಗಳಾಗಿದ್ದವು. 2025ರ ಜುಲೈನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲೂ ಮರಣದಂಡನೆಯ ಕೈದಿಯನ್ನು ಬಿಡುಗಡೆ ಮಾಡುತ್ತಾ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯಿಸುವ ಸೂಚನೆಗಳನ್ನು ಹೊರಡಿಸಿತು: ಮಾದರಿ 48 ಗಂಟೆಗಳೊಳಗೆ ಪ್ರಯೋಗಾಲಯ ಸೇರಬೇಕು, ಅದು ಕೈ ಬದಲಾದ ಪ್ರತಿ ಹಂತವೂ ದಾಖಲೆಯಲ್ಲಿರಬೇಕು, ನ್ಯಾಯಾಲಯದ ಅನುಮತಿಯಿಲ್ಲದೆ ಮೊಹರು ಒಡೆಯಬಾರದು. ಸಂತ್ರಸ್ತ ಕುಟುಂಬಕ್ಕೆ ನ್ಯಾಯ ಸಿಗದಿರುವುದು, ತಪ್ಪು ಮಾಡದವನು ನೇಣಿನ ನೆರಳಲ್ಲಿ ವರ್ಷಗಟ್ಟಲೆ ಕೊಳೆಯುವುದು, ಎರಡಕ್ಕೂ ಕಾರಣ ಒಂದೇ ಬಗೆಯ ಅಜಾಗರೂಕತೆ.

ದತ್ತಾಂಶ ಯಾರ ಕೈಯಲ್ಲಿ?

ಬೆರಳಚ್ಚು ವ್ಯಕ್ತಿಯನ್ನು ಮಾತ್ರ ತೋರಿಸುತ್ತದೆ. ಡಿಎನ್‌ಎ ಅವನ ಅಪ್ಪ, ಅಕ್ಕ, ಮಕ್ಕಳನ್ನೂ ತೋರಿಸುತ್ತದೆ. 1970–80ರ ದಶಕಗಳಲ್ಲಿ ಕ್ಯಾಲಿಫೋರ್ನಿಯಾವನ್ನು ನಡುಗಿಸಿದ ಹಂತಕನೊಬ್ಬ 2018ರಲ್ಲಿ ಸಿಕ್ಕಿಬಿದ್ದದ್ದು, ವಂಶವೃಕ್ಷ ಹುಡುಕುವ ಹವ್ಯಾಸಿಗಳ ತಾಣಕ್ಕೆ ಅವನ ದೂರದ ಬಂಧುಗಳು ಸ್ವಂತ ಇಚ್ಛೆಯಿಂದ ಕೊಟ್ಟಿದ್ದ ಡಿಎನ್‌ಎಯಿಂದ. ಫಲ ಒಳ್ಳೆಯದೇ. ಆದರೆ ಒಬ್ಬರು ಕೊಟ್ಟ ಒಪ್ಪಿಗೆ ಇಡೀ ವಂಶದ ಒಪ್ಪಿಗೆಯಾಗುತ್ತದೆಯೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಶಿಕ್ಷೆಯಾಗದವರ ಡಿಎನ್‌ಎಯನ್ನು ಕಾಲಮಿತಿಯಿಲ್ಲದೆ ಇಟ್ಟುಕೊಳ್ಳುವುದು ಖಾಸಗಿತನದ ಉಲ್ಲಂಘನೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2008ರಲ್ಲಿ ಬ್ರಿಟನ್ನಿಗೆ ಹೇಳಿತು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಪಿತೃತ್ವದ ವ್ಯಾಜ್ಯಗಳಲ್ಲೂ ಮಗುವಿನ ಘನತೆಯನ್ನು ಕಡೆಗಣಿಸಿ ಕೇಳಿದಾಗಲೆಲ್ಲ ಡಿಎನ್‌ಎ ಪರೀಕ್ಷೆಗೆ ಆದೇಶಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಎಚ್ಚರಿಸಿದೆ.

ಇಷ್ಟೆಲ್ಲ ಆದರೂ ಡಿಎನ್‌ಎಗೆಂದೇ ಪ್ರತ್ಯೇಕ ಕಾನೂನು ನಮಗಿಲ್ಲ. 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಡಿಎನ್‌ಎ ತಂತ್ರಜ್ಞಾನ ಮಸೂದೆಯನ್ನು ಸಂಸದೀಯ ಸ್ಥಾಯಿ ಸಮಿತಿ ಪರಿಶೀಲಿಸಿ 2021ರಲ್ಲಿ ವರದಿ ಕೊಟ್ಟಿತು. 2023ರಲ್ಲಿ ಸರ್ಕಾರ ಮಸೂದೆಯನ್ನು ಹಿಂದಕ್ಕೆ ಪಡೆಯಿತು. ಇನ್ನೊಂದೆಡೆ, ಬಂಧಿತರ ಜೈವಿಕ ಮಾದರಿಗಳ ಸಂಗ್ರಹಕ್ಕೆ ವಿಶಾಲ ಅಧಿಕಾರ ಕೊಡುವ ಗುರುತಿಸುವಿಕೆ ಕಾಯ್ದೆ 2022ರಲ್ಲಿ ಬಂದಿದೆ. ಸಂಗ್ರಹಿಸುವ ಅಧಿಕಾರ ಮುಂದೆ ಓಡಿದೆ, ಸಂಗ್ರಹಿಸಿದ್ದನ್ನು ಕಾಯುವ ಕಟ್ಟಳೆ ಹಿಂದುಳಿದಿದೆ.

ಆಗಬೇಕಾದ ಕೆಲಸಗಳು ಗುಟ್ಟೇನಲ್ಲ. ಪ್ರಯೋಗಾಲಯಗಳು ಪೊಲೀಸ್ ಇಲಾಖೆಯ ಹಿಡಿತದಿಂದ ಸ್ವತಂತ್ರವಾಗಿರಬೇಕು, ಅವುಗಳಿಗೆ ಮಾನ್ಯತೆ ಮತ್ತು ನಿಯಮಿತ ಗುಣಪರೀಕ್ಷೆ ಕಡ್ಡಾಯವಾಗಬೇಕು. ಮಹಜರು ಬರೆಯುವ ಕಾನ್‌ಸ್ಟೆಬಲ್‌ನಿಂದ ಹಿಡಿದು ಮಾದರಿ ತೆಗೆಯುವ ತಾಲ್ಲೂಕು ಆಸ್ಪತ್ರೆಯ ವೈದ್ಯರವರೆಗೆ ಎಲ್ಲರಿಗೂ ತರಬೇತಿ ಸಿಗಬೇಕು. ಭಾರತದ ಸಮುದಾಯಗಳಿಗೆ ಹೊಂದುವ ಅಂಕಿಗಳನ್ನು ಪ್ರಕಟಿಸಿ, ವರದಿಯಲ್ಲಿ ‘ಹೊಂದಿಕೆಯಾಗಿದೆ’ ಎಂಬುದರ ಜೊತೆಗೆ ಅದರ ಬಲವೆಷ್ಟು ಎಂಬ ಲೆಕ್ಕವನ್ನೂ ಬರೆಯಬೇಕು. ಬಡ ಆರೋಪಿಯ ವಕೀಲರಿಗೂ ಮೂಲ ದತ್ತಾಂಶ ಮತ್ತು ಸ್ವತಂತ್ರ ಪರಿಣತರ ನೆರವು ಸಿಗಬೇಕು. ಶಿಕ್ಷೆಯಾದ ಮೇಲೂ ಮರುಪರೀಕ್ಷೆ ಕೇಳುವ ಹಕ್ಕು ಕೈದಿಗಿರಬೇಕು, ಅದಕ್ಕಾಗಿ ಮಾದರಿಗಳನ್ನು ಜೋಪಾನವಾಗಿ ಕಾಪಿಡಬೇಕು. ಖಾಸಗಿತನವನ್ನು ಕಾಯುವ ಡಿಎನ್‌ಎ ಕಾನೂನು ಸಂಸತ್ತಿನ ಮುಂದೆ ಮತ್ತೆ ಬರಬೇಕು. ಇದಾವುದೂ ಹೊಸ ಸಂಶೋಧನೆಯನ್ನು ಕಾಯಬೇಕಾದ ಕೆಲಸವಲ್ಲ. ವಿಜ್ಞಾನ ತನ್ನ ಪಾಲಿನದನ್ನು ಮಾಡಿ ಮುಗಿಸಿದೆ. ಉಳಿದದ್ದನ್ನು ಸರ್ಕಾರ, ಪೊಲೀಸ್ ಮತ್ತು ನ್ಯಾಯಾಂಗ ಮಾಡಬೇಕು. ಮಾಡಿ ಎಂದು ಕೇಳುವ ಹೊಣೆ ನಾಗರಿಕರಾದ ನಮ್ಮೆಲ್ಲರದು.